ಇಂಗ್ಲೆಂಡಿನ ಅಡುಗೆಮನೆಯಲ್ಲಿ ಕನ್ನಡ ಪಾಠ



ಈ ಸಲ ಬಂದ ಕಾಗದಗಳಲ್ಲಿ ನೆಲಮಂಗಲದ ಒಬ್ಬ ತಾಯಿಯ ಕಾಗದವನ್ನು ಬೇರೆಯಾಗಿ ಎತ್ತಿಟ್ಟುಕೊಂಡೆ. ಅವರು ಕೇಳಿರುವುದು ಉಪ್ಪಿನಕಾಯಿಗೆ ಬೂಷ್ಟು ಯಾಕೆ ಬರುತ್ತೆ ಅಂತಲ್ಲ, ಮುಖದ ಬಂಗಿಗೆ ಏನು ಹಚ್ಚಬೇಕು ಅಂತಲೂ ಅಲ್ಲ. ಅವರ ಮಗಳು ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದ್ದಾಳೆ. ಮೊಮ್ಮಗನಿಗೆ ಕನ್ನಡ ಬರುವುದಿಲ್ಲ, ಇವರಿಗೆ ಇಂಗ್ಲಿಷ್ ಬರುವುದಿಲ್ಲ. ಫೋನಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರಂತೆ. "ಹೀಗೇ ನಗುತ್ತಾ ಎಷ್ಟು ದಿನ ಕೂತಿರೋದು ತಾಯಿ?" ಅಂತ ಕೇಳಿದ್ದಾರೆ.

ಈ ಪ್ರಶ್ನೆಗೆ ಪುಸ್ತಕ ಓದಿ ಉತ್ತರ ಹೇಳುವಷ್ಟು ವಿದ್ಯೆ ನನಗಿಲ್ಲ. ನಾನು ದೊಡ್ಡಬಳ್ಳಾಪುರದವಳು, ಎಸ್.ಎಸ್.ಎಲ್.ಸಿ. ಮುಗಿಸಿ ಒಲೆಯ ಮುಂದೆ ನಿಂತವಳು. ಆದರೆ ಇದೇ ಸಂಕಟ ನಮ್ಮ ಮನೆಯಲ್ಲೂ ಇತ್ತು. 2023ರ ಸೆಪ್ಟೆಂಬರಿನಿಂದ ಐದು ತಿಂಗಳು ಇಂಗ್ಲೆಂಡಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದೆ. ಅಲ್ಲಿ ಕಂಡದ್ದನ್ನು, ಮಾಡಿದ್ದನ್ನು ಹೇಳುತ್ತೇನೆ. ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ.

ಹೋದದ್ದು ತಂಗಿಯ ಎರಡನೇ ಬಾಣಂತನಕ್ಕೆ. ಅಮ್ಮ ಹೋಗಬೇಕಾಗಿತ್ತು. ಅಮ್ಮನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು, ಮೇಲೆ ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದುಹಾಕಿದೆ. ಲೇಸರ್ ಆಯಿತು, ಇಂಜೆಕ್ಷನ್ ಆಯಿತು. ಇನ್ನಷ್ಟು ಹೋಗದ ಹಾಗೆ ತಡೆಯಬಹುದೇ ಹೊರತು ಹೋದದ್ದು ಪೂರ್ತಿ ವಾಪಸು ಬರುವುದಿಲ್ಲ ಎಂದರು ಡಾಕ್ಟರು. (ಸಕ್ಕರೆ ಕಾಯಿಲೆ ಇರುವವರು, ಕಣ್ಣು ಚೆನ್ನಾಗಿ ಕಾಣಿಸುತ್ತಿದ್ದರೂ, ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ. ಮರೆಯಬೇಡಿ.) ಹಾಗಾಗಿ ಅಕ್ಕನಾದ ನಾನೇ ದೇವನಹಳ್ಳಿಯಲ್ಲಿ ವಿಮಾನ ಹತ್ತಿದೆ.

ಹೋಗುವವರಿಗೆ ಒಂದೆರಡು ಮಾತು. ಸಾಮಾನ್ಯ ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಆರು ತಿಂಗಳವರೆಗೆ ಇರಬಹುದು, ಸಂಬಳದ ಕೆಲಸ ಮಾಡುವ ಹಾಗಿಲ್ಲ. ಬಾಣಂತಿಗೆ ಅಂತ ಡಬ್ಬಿಗಟ್ಟಲೆ ತುಪ್ಪ ಕಟ್ಟಿಕೊಂಡು ಹೋಗಬೇಡಿ, ನಮ್ಮ ದೇಶದಿಂದ ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಒಳಗೆ ಬಿಡುವುದಿಲ್ಲ. ಅಲ್ಲಿಯೇ ಉಪ್ಪಿಲ್ಲದ ಬೆಣ್ಣೆ ಸಿಗುತ್ತದೆ. ಕಾಯಿಸಿದರೆ ಮರಳು ಮರಳಾದ ತುಪ್ಪ ಬರುತ್ತದೆ, ಒಂದು ವೀಳ್ಯದೆಲೆ ಇಲ್ಲವಲ್ಲ ಅನ್ನುವ ಕೊರಗೊಂದೇ.

ತಂಗಿಯ ಮನೆ ಲಂಡನ್ನಿನ ವಾಯವ್ಯಕ್ಕಿರುವ ಹ್ಯಾರೋದಲ್ಲಿ. ಗುಜರಾತಿಗಳು ಬಹಳ ಇರುವ ಜಾಗ. ರಾಗಿ ಹಿಟ್ಟು, ಹುರುಳಿ, ಕರಿಬೇವು ಎಲ್ಲವೂ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಮನೆಯ ರೀತಿಯೇ ಬೇರೆ. ಬಚ್ಚಲ ನೆಲದಲ್ಲಿ ನೀರು ಹೋಗುವ ತೂಬಿಲ್ಲ, ತೊಟ್ಟಿಯೊಳಗೆ ನಿಂತೇ ಎರಕೊಳ್ಳಬೇಕು. ಬಾಣಂತಿಗೆ ಹಂಡೆ ನೀರು ಹುಯ್ಯುವ ಮಾತು ಎಲ್ಲಿ ಬಂತು? ಛಾವಣಿಯಲ್ಲಿ ಹೊಗೆ ಗಂಟೆ ಇದೆ. ಒಣಮೆಣಸಿನಕಾಯಿ ಒಗ್ಗರಣೆ ಚಟಪಟ ಅಂದರೆ ಸಾಕು, ಬೀದಿಗೆಲ್ಲ ಕೇಳುವ ಹಾಗೆ ಕಿರುಚಿಕೊಳ್ಳುತ್ತದೆ. ಡಿಸೆಂಬರಿನಲ್ಲಿ ಬೆಳಗಾಗುವುದು ಎಂಟಕ್ಕೆ, ಸೂರ್ಯ ಮುಳುಗುವುದು ಸಂಜೆ ನಾಲ್ಕಕ್ಕೆ ಮುಂಚೆ. ಮಗುವಿನ ಬಟ್ಟೆಯೆಲ್ಲ ಮನೆಯೊಳಗೇ ಕುರ್ಚಿ ಮೇಲೆ, ಬಾಗಿಲ ಮೇಲೆ ಒಣಗಬೇಕು. ಅಂಗಳವಿಲ್ಲ, ಪಕ್ಕದ ಮನೆಯವರು "ಏನ್ರೀ ಸಾರು?" ಅಂತ ಇಣುಕುವುದಿಲ್ಲ.

ಮೆಚ್ಚಬೇಕಾದದ್ದೂ ಉಂಟು. ಹೆರಿಗೆಯಾದ ಮರುದಿನವೇ ತಾಯಿ ಮಗು ಮನೆಗೆ ಬಂದರು. ಅಷ್ಟು ಬೇಗ ಕಳಿಸಿದರಲ್ಲ ಅಂತ ನಾನು ಕಣ್ಣು ಕಣ್ಣು ಬಿಟ್ಟೆ. ಆದರೆ ಸೂಲಗಿತ್ತಿ ನರ್ಸು ಮನೆಗೇ ಬಂದು ಇಬ್ಬರನ್ನೂ ನೋಡಿದರು. ಹತ್ತು ಹನ್ನೆರಡು ದಿನವಾದ ಮೇಲೆ ಹೆಲ್ತ್ ವಿಸಿಟರ್ ಎನ್ನುವ ಇನ್ನೊಬ್ಬರು ಬಂದು ತೂಕ ನೋಡಿ, ಕೆಂಪು ಪುಸ್ತಕದಲ್ಲಿ ಬರೆದು, ತಾಯಿಗೆ ಮನಸ್ಸು ಹೇಗಿದೆ ಅಂತಲೂ ಕೇಳಿದರು. ಬಾಣಂತಿಯ ಮನಸ್ಸನ್ನು ವಿಚಾರಿಸುವುದು ನಮ್ಮಲ್ಲಿ ಎಷ್ಟು ಮನೆಯಲ್ಲಿದೆ ಹೇಳಿ?

ಇನ್ನು ನಮ್ಮ ಕಥಾನಾಯಕ, ತಂಗಿಯ ದೊಡ್ಡ ಮಗ. ಪುಟ್ಟ ಅಂತಲೇ ಕರೆಯೋಣ. ಆಗ ಐದು ವರ್ಷ. ಇಯರ್ ಒನ್ ಅನ್ನುವ ತರಗತಿ. ಸರ್ಕಾರಿ ಶಾಲೆ, ಫೀಸಿಲ್ಲ. ಆ ದೇಶದ ಸರ್ಕಾರಿ ಶಾಲೆಗಳಲ್ಲಿ ಮೊದಲ ಮೂರು ತರಗತಿಯ ಮಕ್ಕಳಿಗೆಲ್ಲ 2014ರಿಂದ ಮಧ್ಯಾಹ್ನದ ಊಟ ಪುಕ್ಕಟೆ, ಸಸ್ಯಾಹಾರ ಬೇಕೆಂದರೆ ಅದೂ ಉಂಟು. ನಮ್ಮ ಬಿಸಿಯೂಟದ ಹಾಗೇ ಅನ್ನಿ. ಚೀಲದಲ್ಲಿ ಒಂದೇ ಒಂದು ತೆಳ್ಳನೆಯ ಕಥೆ ಪುಸ್ತಕ. ಅದನ್ನು ಮನೆಯಲ್ಲಿ ಮಗುವಿನ ಜೊತೆ ಕೂತು ಓದಿಸಿ, ಹೇಗೆ ಓದಿದ ಅಂತ ದೊಡ್ಡವರು ಎರಡು ಸಾಲು ಬರೆದು ಕಳಿಸಬೇಕು. ಒಂದು ಬೆಳಿಗ್ಗೆ ಮನೆಯವರನ್ನು ಶಾಲೆಗೆ ಕರೆದು ಪಾಠ ತೋರಿಸಿದರು, ತಂಗಿಯ ಗಂಡನ ಜೊತೆ ನಾನೂ ಹೋಗಿ ಹಿಂದೆ ಕೂತಿದ್ದೆ.

ಅಲ್ಲಿ ಎರಡು ವಿಷಯ ಕಣ್ಣಿಗೆ ಬಿತ್ತು. ಅವರು ಅಕ್ಷರದ ಹೆಸರು ಹೇಳಿಕೊಡುವುದಕ್ಕೆ ಮುಂಚೆ ಸದ್ದು ಹೇಳಿಕೊಡುತ್ತಾರೆ. ಸ್, ಆ, ಟ್ ಅಂತ ಒಂದೊಂದೇ ಸದ್ದು ಹೇಳಿಸಿ ಕೂಡಿಸಿ ಓದಿಸುತ್ತಾರೆ. ನೋಡಿ, ಇದು ನಮ್ಮ ಕಾಗುಣಿತವೇ ಅಲ್ಲವೇ? ಕ್ ಜೊತೆ ಆ ಸೇರಿದರೆ ಕಾ. ಅವರಿಗೆ 26 ಅಕ್ಷರದಲ್ಲಿ 44 ಸದ್ದು ಹೊರಡಿಸುವ ಕಷ್ಟ. ನಮಗೆ 49 ಅಕ್ಷರ, ಬರೆದ ಹಾಗೇ ಓದು. ಇನ್ನೊಂದು, ಮಗು ತಪ್ಪು ಹೇಳಿದರೆ ಆ ಟೀಚರಮ್ಮ "ತಪ್ಪು" ಅನ್ನಲಿಲ್ಲ. ಮಗು ಹೇಳಿದ್ದನ್ನೇ ಸರಿಯಾಗಿ ತಾವು ಒಂದು ಸಲ ಹೇಳಿ ಮುಂದಕ್ಕೆ ಹೋದರು. ಮಗುವಿಗೆ ಅವಮಾನವೂ ಆಗಲಿಲ್ಲ, ಸರಿಯಾದದ್ದೂ ಕಿವಿಗೆ ಬಿತ್ತು. ನಾನು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಪುಟ್ಟನಿಗೆ ಕನ್ನಡ ಯಾಕೆ ಬರುತ್ತಿರಲಿಲ್ಲ ಅಂದರೆ, ಅವನು ಮಾತಾಡಿದ್ದು ಸ್ವಲ್ಪ ತಡ. ಎರಡೂವರೆ ವರ್ಷವಾದರೂ ನಾಲ್ಕು ಪದ ಆಡುತ್ತಿರಲಿಲ್ಲ. ಯಾರೋ ಪರಿಚಯದವರು, "ಮನೆಯಲ್ಲೊಂದು ಭಾಷೆ, ಹೊರಗೊಂದು ಭಾಷೆ ಆದರೆ ಮಗು ಗಲಿಬಿಲಿಯಾಗುತ್ತೆ" ಅಂದರಂತೆ. ಹೆತ್ತ ಹೊಟ್ಟೆ, ಹೆದರಿತು. ಗಂಡ ಹೆಂಡತಿ ಇಬ್ಬರೂ ಮಗುವಿನ ಹತ್ತಿರ ಇಂಗ್ಲಿಷ್ ಮಾತ್ರ ಅಂತ ನಿಯಮ ಮಾಡಿಕೊಂಡರು. ಮಾತು ಬಂತು, ಕನ್ನಡ ಹೋಯಿತು.

ಚಿಕ್ಕದು ಹುಟ್ಟಿದಾಗ ಬಂದ ಹೆಲ್ತ್ ವಿಸಿಟರ್ ಹತ್ತಿರ ತಂಗಿ ಇದನ್ನೇ ಕೇಳಿದಳು. ಆ ಬಿಳಿಯ ಹೆಂಗಸು, "ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಿ, ಇಂಗ್ಲಿಷನ್ನು ಶಾಲೆ ನೋಡಿಕೊಳ್ಳುತ್ತೆ" ಅಂದರು. ಎರಡು ಭಾಷೆ ಕೇಳಿದ್ದರಿಂದಲೇ ಮಾತು ತಡವಾಗುವುದಿಲ್ಲ ಎನ್ನುವುದು ಮಾತಿನ ತೊಂದರೆ ನೋಡುವ ತಜ್ಞರ ಅಭಿಪ್ರಾಯವೂ ಹೌದು. ಮಗು ಮಾತಾಡುವುದು ತಡವಾದರೆ ಕಿವಿ ಪರೀಕ್ಷೆ ಮಾಡಿಸಿ, ಡಾಕ್ಟರಿಗೆ ತೋರಿಸಿ. ಮನೆಮಾತನ್ನು ಬಿಡಬೇಕಾಗಿಲ್ಲ.

ಅಮ್ಮನ ಕಷ್ಟ ಈಗ ನಿಮಗೆ ಅರ್ಥವಾಗಿರಬೇಕು. ನೆಲಮಂಗಲದ ತಾಯಿಗೆ ಮೊಮ್ಮಗನ ನಗುಮುಖವಾದರೂ ಕಾಣುತ್ತದೆ. ನಮ್ಮಮ್ಮನಿಗೆ ಫೋನಿನ ಗಾಜಿನಲ್ಲಿ ಬೆಳಕು ಅಲುಗಾಡುವುದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಪ್ರತಿ ಭಾನುವಾರ ಪುಟ್ಟ "ಹಾಯ್ ಅಜ್ಜಿ" ಅಂದು ಕೈ ಬೀಸಿ ಓಡುತ್ತಿದ್ದ. ಬೀಸಿದ ಕೈ ಅಮ್ಮನಿಗೆ ಕಾಣುತ್ತಿರಲಿಲ್ಲ. "ಹೋದನಾ?" ಅಂತ ಕೇಳುತ್ತಿದ್ದರು. ಅವರಿಗೆ ಉಳಿದಿರುವುದು ಕಿವಿ. ಆ ಕಿವಿಗೆ ಬೀಳಬೇಕಾದದ್ದು ಕನ್ನಡ.

ತಂಗಿ ಮೊದಲೇ ಅ ಅರಸ, ಆ ಆನೆ ಚಾರ್ಟು ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದಳು. ಪುಟ್ಟ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಶಾಲೆಯಿಂದ ದಣಿದು ಬಂದ ಮಗುವಿಗೆ ಇನ್ನೊಂದು ಶಾಲೆ ಯಾಕೆ ಬೇಕು? ನಾನು ಚಾರ್ಟನ್ನು ಅದರ ಪಾಡಿಗೆ ಬಿಟ್ಟು ಅವನನ್ನು ಅಡುಗೆಮನೆಗೆ ಕರೆದುಕೊಂಡೆ. ಮೂರೂವರೆಗೆ ಅವನು ಬರುವ ಹೊತ್ತಿಗೆ ನನ್ನ ಕೈಯಲ್ಲಿ ಯಾವಾಗಲೂ ಒಂದು ಅರ್ಧ ಕೆಲಸ ಇರುತ್ತಿತ್ತು. ಬೆಳ್ಳುಳ್ಳಿ ಸುಲಿ. ಹಿಟ್ಟು ಕಲಸು. ಈಗ ನಾದು. ಶುಂಠಿ ಜಜ್ಜು. ಅನ್ನ ಬಸಿ ಅನ್ನುವುದನ್ನು ಮಾತ್ರ ನಾನೇ ಮಾಡಿ ತೋರಿಸಿದೆ, ಬಿಸಿ ಗಂಜಿ ಮಕ್ಕಳ ಕೈಗಲ್ಲ. ಇಂಗ್ಲಿಷಿನಲ್ಲಿ ಏನಂತಾರೆ ಅಂತ ನಾನು ಹೇಳಲಿಲ್ಲ, ಹೇಳಲು ನನಗೆ ಅಷ್ಟು ಬರುವುದೂ ಇಲ್ಲ. ಇದೇ ಒಳ್ಳೆಯದಾಯಿತು. ದೊಡ್ಡಮ್ಮನ ಹತ್ತಿರ ಏನಾದರೂ ಆಗಬೇಕಾದರೆ ಕನ್ನಡವೇ ದಾರಿ ಅಂತ ಅವನಿಗೆ ಒಂದು ವಾರದಲ್ಲಿ ಗೊತ್ತಾಯಿತು.

ನವೆಂಬರಿನಲ್ಲಿ ಗುಜರಾತಿ ಅಂಗಡಿಯ ಮಂಜಿನ ಪೆಟ್ಟಿಗೆಯಲ್ಲಿ "ಸುರ್ತಿ ಪಾಪಡಿ ಲಿಲ್ವಾ" ಅನ್ನುವ ಪೊಟ್ಟಣ ಕಂಡಿತು. ತಿರುಗಿಸಿ ನೋಡಿದರೆ ನಮ್ಮ ಅವರೆಕಾಳು! ಹೆಸರು ಬೇರೆ, ಜಾತಿ ಒಂದೇ. ಸೊಗಡು ಮಾತ್ರ ಅಷ್ಟಿಲ್ಲ. ಬೆಚ್ಚನೆ ನೀರಿನಲ್ಲಿ ನೆನೆಹಾಕಿ ಪುಟ್ಟನನ್ನು ಮುಂದೆ ಕೂರಿಸಿ "ಹಿತಕು" ಅಂದೆ. ಬೆರಳ ನಡುವಿನಿಂದ ಬೇಳೆ ಪುಳಕ್ಕನೆ ಹಾರಿ ಅವನ ಮೂಗಿಗೆ ಬಡಿಯಿತು. ಬಿದ್ದು ಬಿದ್ದು ನಕ್ಕ. ಆ ಸಂಜೆ ಅವನು ನೂರು ಸಲ "ಹಿತಕು" ಅಂದಿರಬೇಕು. ಆಮೇಲೆ ಅವನೇ "ನಾನು ಹಿತಕಿದೆ, ಅಮ್ಮ ಹಿತಕಲಿಲ್ಲ" ಅಂದ. ಒಂದು ಮಾತನ್ನು ಎಳೆದು ಮಡಿಸಿ ಬೇಕಾದ ಹಾಗೆ ಮಾಡಿಕೊಂಡನಲ್ಲ, ಯಾವ ವ್ಯಾಕರಣದ ಮೇಷ್ಟರು ಕಲಿಸಿದ್ದರು?

ಸಂಬಂಧದ ಹೆಸರುಗಳೂ ಹಾಗೇ ಬಂದವು. ಅಲ್ಲಿ ಎಲ್ಲರೂ ಆಂಟಿ. ಅಮ್ಮನ ಅಕ್ಕ ದೊಡ್ಡಮ್ಮ, ಅಪ್ಪನ ತಂಗಿ ಅತ್ತೆ ಅಂತ ಫೋಟೋ ತೋರಿಸಿ ಹೇಳಿದೆ. ದ ಅವನ ಬಾಯಲ್ಲಿ ಡ ಆಗುತ್ತಿತ್ತು, ನಾನು ಬಹಳ ದಿನ "ಡೊಡ್ಡಮ್ಮ" ಆಗಿದ್ದೆ. ತಿದ್ದಲಿಲ್ಲ, "ದೊಡ್ಡಮ್ಮ ಬಂದಳು" ಅಂತ ನಾನೇ ಹೇಳಿಕೊಂಡು ಓಡಾಡಿದೆ. ಅಜ್ಜಿಗೆ "ಬಾ" ಅನ್ನಬಾರದು "ಬನ್ನಿ" ಅನ್ನಬೇಕು ಅನ್ನುವುದು ಅವನಿಗೆ ವಿಚಿತ್ರವಾಗಿ ಕಂಡಿತು. ಇಂಗ್ಲಿಷಿನಲ್ಲಿ ಅಜ್ಜಿಗೂ ಬೆಕ್ಕಿಗೂ ಒಂದೇ ಮಾತಲ್ಲವೇ!

ಆದರೂ ಭಾನುವಾರ ಫೋನು ಬಂದಾಗ ಪುಟ್ಟನ ಬಾಯಿ ಕಟ್ಟುತ್ತಿತ್ತು. ನನ್ನ ಹತ್ತಿರ ಬರುವ ಮಾತು ಅಜ್ಜಿಯ ಹತ್ತಿರ ಬರುತ್ತಿರಲಿಲ್ಲ. ಯಾಕೆಂದರೆ ನಾವು ದೊಡ್ಡವರು ಮಾಡುತ್ತಿದ್ದುದೇನು? "ಅಜ್ಜಿಗೆ ಒಂದು ಎರಡು ಹೇಳು, ಅಜ್ಜಿಗೆ ಹಾಡು ಹೇಳು" ಅಂತ ಪರೀಕ್ಷೆ. ಮಗುವಿಗೆ ಹೇಳುವ ವಿಷಯವೂ ಇಲ್ಲ, ಕೇಳುವ ವಿಷಯವೂ ಇಲ್ಲ.

ಅದನ್ನು ಬಿಡಿಸಿದ್ದು ಒಂದು ಲಾಳಿ. ನಮ್ಮದು ನೇಯ್ಗೆಯವರ ಮನೆ. ದೊಡ್ಡಬಳ್ಳಾಪುರದ ಮಗ್ಗದ ಸದ್ದು ಯಾರಿಗೆ ಗೊತ್ತಿಲ್ಲ? ಅಪ್ಪ ವಿದ್ಯುತ್ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು, ಅಮ್ಮ ಕಂಡಿಕೆ ಸುತ್ತುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಮಗ್ಗ ಮಾರಿದೆವು, ಒಂದು ಹಳೆಯ ಮರದ ಲಾಳಿ ಮಾತ್ರ ಉಳಿದಿತ್ತು. ನೆನಪಿಗೆ ಬೇಕು ಅಂತ ತಂಗಿ ಕೇಳಿದ್ದರಿಂದ ಪೆಟ್ಟಿಗೆಯಲ್ಲಿ ತಂದಿದ್ದೆ. ಪುಟ್ಟ ಅದನ್ನು ದೋಣಿ ಅಂದುಕೊಂಡು ನೀರಿನ ತೊಟ್ಟಿಯಲ್ಲಿ ಬಿಡಲು ಹೊರಟಿದ್ದ. "ಇದು ಏನು ಅಂತ ಅಜ್ಜಿಯನ್ನೇ ಕೇಳು, ನಾನು ಹೇಳಲ್ಲ" ಅಂದೆ.

ಭಾನುವಾರ ಅವನೇ ಫೋನು ಹಿಡಿದುಕೊಂಡು, "ಅಜ್ಜಿ, ಲಾಲಿ ಏನು?" ಅಂದ. ಆಚೆ ಕಡೆ ಅಮ್ಮ, "ಲಾಲಿ ಅಂದರೆ ನಿನ್ನ ತಂಗಿಗೆ ಹೇಳೋದಪ್ಪ, ತೊಟ್ಟಿಲು ತೂಗಿ" ಅಂದರು. "ಅಲ್ಲ ಅಜ್ಜಿ, ಮರದ ಲಾಲಿ." ಒಂದು ಗಳಿಗೆ ಸುಮ್ಮನಿದ್ದು ಅಮ್ಮ ನಗಲು ಶುರು ಮಾಡಿದರು. ಅವರು ಹಾಗೆ ನಕ್ಕಿದ್ದನ್ನು ಕೇಳಿ ನನಗೆ ವರ್ಷಗಳಾಗಿದ್ದವು. "ಅದು ಲಾಳಿ ಕಣೋ. ನಾಲಿಗೆ ಮೇಲಕ್ಕೆ ಮಡಿಸು. ಲಾಳಿ!" ಪುಟ್ಟ ಮಡಿಸಿದ, ಬರಲಿಲ್ಲ. ಮತ್ತೆ ಮಡಿಸಿದ. ಅಮ್ಮ ಅಲ್ಲಿಂದ ಮಗ್ಗದ ಸದ್ದನ್ನೇ ಬಾಯಲ್ಲಿ ಮಾಡಿ ತೋರಿಸಿದರು, "ಲಟಕ್ ಪಟಕ್, ಲಟಕ್ ಪಟಕ್, ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ." ಇವನೂ ಲಟಕ್ ಪಟಕ್. ಹ್ಯಾರೋದ ಮನೆಯಲ್ಲಿ ಮೊಮ್ಮಗ, ದೊಡ್ಡಬಳ್ಳಾಪುರದ ಮನೆಯಲ್ಲಿ ಕಣ್ಣು ಕಾಣದ ಅಜ್ಜಿ, ಇಬ್ಬರೂ ಸೇರಿ ಇಲ್ಲದ ಮಗ್ಗ ನೇಯ್ದರು. ತಂಗಿ ಮಗುವನ್ನೆತ್ತಿಕೊಂಡು ಒಳಗೆ ಹೋಗಿಬಿಟ್ಟಳು, ಕಣ್ಣೊರೆಸಿಕೊಳ್ಳುವುದಕ್ಕೆ.

ಅವರ ಶಾಲೆಯಲ್ಲಿ ಮನೆಯಿಂದ ಒಂದು ವಸ್ತು ತಂದು ಎಲ್ಲರ ಮುಂದೆ ಹೇಳುವ ಪದ್ಧತಿ ಇದೆ. ಪುಟ್ಟ ಲಾಳಿ ತೆಗೆದುಕೊಂಡು ಹೋದ. ಟೀಚರಮ್ಮ ಬಹಳ ಸಂತೋಷಪಟ್ಟು, ತಮ್ಮ ದೇಶದ ಲ್ಯಾಂಕಶೈರಿನಲ್ಲೂ ಇದೇ ಕಸುಬಿತ್ತು ಅಂದರಂತೆ. ನಿಜವೇ. ಕೈಯಿಂದ ಎಸೆಯದೆ ತಾನೇ ಹಾರುವ ಲಾಳಿಯನ್ನು 1733ರಲ್ಲಿ ಕಂಡುಹಿಡಿದವರು ಲ್ಯಾಂಕಶೈರಿನ ಜಾನ್ ಕೇ, ಯಂತ್ರದ ಮಗ್ಗಕ್ಕೆ 1785ರಲ್ಲಿ ಪೇಟೆಂಟು ಪಡೆದವರು ಎಡ್ಮಂಡ್ ಕಾರ್ಟ್‌ರೈಟ್ ಎನ್ನುವ ಪಾದ್ರಿ. ಇಂಗ್ಲೆಂಡಿನ ಆ ಗಿರಣಿ ಬಟ್ಟೆ ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆದದ್ದೂ ಚರಿತ್ರೆಯೇ. ಐದು ವರ್ಷದ ಮಗುವಿಗೆ ಅದೆಲ್ಲ ಯಾಕೆ? ಅವನು ಮುಂದಿನ ಭಾನುವಾರ ಅಜ್ಜಿಗೆ, "ಇಲ್ಲೂ ಲಾಳಿ ಇತ್ತು ಅಜ್ಜಿ!" ಅಂದ. ಹೌದು ಸೋದರಿಯರೇ, ಳ ಬಂದಿತ್ತು.

ಅಲ್ಲಿಂದ ಮುಂದೆ ಪುಟ್ಟ ಕನ್ನಡ ಪಂಡಿತನಾದ ಅಂತ ನಾನು ಹೇಳುವುದಿಲ್ಲ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಆದರೆ ಅಜ್ಜಿಯ ಹತ್ತಿರ ಕೇಳುವುದಕ್ಕೆ ಅವನಿಗೆ ವಿಷಯ ಸಿಕ್ಕಿತು. ಕಂಡಿಕೆ ಅಂದರೇನು, ಹಾಸು ಹೊಕ್ಕು ಅಂದರೇನು, ತಾತನ ಮಗ್ಗ ಕೆಟ್ಟರೆ ಏನು ಮಾಡುತ್ತಿದ್ದರು. ಈ ಪ್ರಶ್ನೆಗಳಿಗೆ ಉತ್ತರ ಹೇಳುವವರು ಅವನ ಪ್ರಪಂಚದಲ್ಲಿ ಅಜ್ಜಿ ಒಬ್ಬರೇ, ಅಜ್ಜಿಗೆ ಗೊತ್ತಿರುವುದು ಕನ್ನಡ ಒಂದೇ. ಇಷ್ಟರಲ್ಲೇ ಎಲ್ಲ ಗುಟ್ಟು ಇದೆ ಅಂತ ನನಗನ್ನಿಸುತ್ತದೆ. ಮಕ್ಕಳು ಭಾಷೆ ಕಲಿಯುವುದು ಭಾಷೆಯ ಮೇಲಿನ ಅಭಿಮಾನದಿಂದಲ್ಲ, ಆ ಭಾಷೆಯಲ್ಲೇ ಸಿಗುವ ಒಬ್ಬ ಮನುಷ್ಯರ ಮೇಲಿನ ಆಸೆಯಿಂದ.

ನಾನು 2024ರ ಫೆಬ್ರವರಿಯಲ್ಲಿ ವಾಪಸು ಬಂದೆ. ಒಂದೆರಡು ತಿಂಗಳಲ್ಲೇ ಪುಟ್ಟ ಮತ್ತೆ ಇಂಗ್ಲಿಷಿಗೆ ಜಾರಿದ. ತಂಗಿಗೆ ಎರಡು ಮಕ್ಕಳು, ಕೈ ಬಿಡುವಿಲ್ಲ. ಅದಕ್ಕೇ ಒಂದು ಕಟ್ಟು ಮಾಡಿಕೊಂಡೆವು. ಭಾನುವಾರ ಅಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಫೋನು. ನಮಗೆ ಚಳಿಗಾಲದಲ್ಲಿ ಸಂಜೆ ಏಳೂವರೆ, ಅವರು ಮಾರ್ಚಿ ಕೊನೆಯ ಭಾನುವಾರ ಗಡಿಯಾರ ಮುಂದಿಟ್ಟ ಮೇಲೆ ಆರೂವರೆ. ಆ ಹೊತ್ತಿಗೆ ಅಮ್ಮ ಮುಖ ತೊಳೆದು ತಲೆ ಬಾಚಿಕೊಂಡು ಕೂತಿರುತ್ತಾರೆ, ತಾವು ನೋಡಲಾಗದಿದ್ದರೂ ಮಗು ನೋಡುತ್ತದಲ್ಲ ಅಂತ.

ಈಗ ನೆಲಮಂಗಲದ ತಾಯಿಗೂ, ಅವರಂಥ ಉಳಿದವರಿಗೂ ನನ್ನ ನಾಲ್ಕು ಮಾತು.

ಒಂದು, ಫೋನಿನಲ್ಲಿ ಪರೀಕ್ಷೆ ಮಾಡಬೇಡಿ. "ನಾನು ಯಾರು ಹೇಳು" ಅನ್ನಬೇಡಿ. ನಿಮ್ಮ ಹತ್ತಿರವೇ ಇರುವ ಒಂದು ವಸ್ತು ತೋರಿಸಿ, ಒಂದು ಸದ್ದು ಕೇಳಿಸಿ. ಒರಳುಕಲ್ಲೋ, ಕರುವೋ, ಮೊರವೋ. ಅರ್ಧ ಹೇಳಿ ಮಿಕ್ಕದ್ದು ಮುಂದಿನ ವಾರ ಅನ್ನಿ. ಮಗು ಕಾಯಬೇಕು.

ಎರಡು, ಮಗಳನ್ನು ಬೈಯಬೇಡಿ. ಪರದೇಶದಲ್ಲಿ ಅವಳಿಗೆ ಅಮ್ಮನಿಲ್ಲ, ಅತ್ತೆಯಿಲ್ಲ, ನೆರೆಯವರಿಲ್ಲ. ದಿನಕ್ಕೆ ಅರ್ಧ ಗಂಟೆ, ಒಂದೇ ಕೆಲಸ, ಪೂರ್ತಿ ಕನ್ನಡದಲ್ಲಿ. ಸ್ನಾನವೋ, ಚಪಾತಿಯೋ, ಮಲಗಿಸುವುದೋ. ಅಷ್ಟು ಸಾಕು ಅನ್ನಿ.

ಮೂರು, ಜೊತೆ ಹುಡುಕಲು ಹೇಳಿ. ಇಂಗ್ಲೆಂಡಿನಲ್ಲಿ ಕನ್ನಡ ಬಳಗ ಯು.ಕೆ. 1983ರಿಂದ ಇದೆ. ಕನ್ನಡಿಗರು ಯು.ಕೆ. ಎನ್ನುವ ಸಂಘದವರು ಮಕ್ಕಳಿಗೆ ಕನ್ನಡ ಕಲಿಸುವ ಕೆಲಸ ಮಾಡುತ್ತಾ ಬಂದಿದ್ದಾರೆ. ಅಲ್ಲಿ ಗುಜರಾತಿ, ಉರ್ದು, ಪಂಜಾಬಿ, ಬಂಗಾಳಿಗೆ ಜಿ.ಸಿ.ಎಸ್.ಇ. ಪರೀಕ್ಷೆ ಉಂಟು, ಕನ್ನಡಕ್ಕಿಲ್ಲ. ಅಂಕ ಸಿಗದ ಪಾಠಕ್ಕೆ ಮಕ್ಕಳು ಬರಬೇಕಾದರೆ ಜೊತೆಗಾರರ ಆಟವಾದರೂ ಇರಬೇಕಲ್ಲ. ಥೇಮ್ಸ್ ನದಿಯ ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣವಾದ ಬಸವಣ್ಣನವರ ಪ್ರತಿಮೆ ಇದೆ, ಒಮ್ಮೆ ಕರೆದುಕೊಂಡು ಹೋಗಿ ತೋರಿಸಲಿ. ನಮ್ಮವರೊಬ್ಬರು ಅಲ್ಲಿ ನಿಂತಿದ್ದಾರೆ ಅಂದರೆ ಮಗುವಿಗೂ ಒಂದು ಧೈರ್ಯ.

ನಾಲ್ಕು, ರಜದ ಲೆಕ್ಕ. ಅಲ್ಲಿನ ಶಾಲೆಗೆ ದೊಡ್ಡ ರಜ ಜುಲೈ ಕೊನೆಯಿಂದ ಆರು ವಾರ. ಶಾಲೆ ನಡೆಯುವಾಗ ಅಪ್ಪಣೆಯಿಲ್ಲದೆ ಮಗುವನ್ನು ಊರಿಗೆ ಕರೆತಂದರೆ ತಂದೆತಾಯಿಗೆ ದಂಡ ಬೀಳಬಹುದು. ಹಾಗಾಗಿ ಬರುವ ಮಕ್ಕಳು ಆಷಾಢ ಶ್ರಾವಣದ ಮಳೆ ನೋಡುತ್ತಾರೆ, ವರಮಹಾಲಕ್ಷ್ಮಿ ನೋಡುತ್ತಾರೆ. ಅವರೆಕಾಯಿ ಕಾಲ, ಸಂಕ್ರಾಂತಿಯ ಎಳ್ಳುಬೆಲ್ಲ, ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅವನ್ನೆಲ್ಲ ನೀವು ಬಾಯಲ್ಲಿ ಹೇಳಿಯೇ ತೋರಿಸಬೇಕು. ಹೇಳಲು ವಿಷಯವಿಲ್ಲ ಅನ್ನಬೇಡಿ.

ಇಂಗ್ಲೆಂಡು ನಮಗೇನು ಸಂಬಂಧ ಅನ್ನುವ ಓದುಗರಿಗೂ ಒಂದು ಮಾತು. ನಮ್ಮ ಬೀದಿಯಲ್ಲೇ ಕೇಳಿ: "ಹ್ಯಾಂಡ್ ವಾಶ್ ಮಾಡ್ಕೋ, ವಾಟರ್ ಕುಡಿ, ಡಾಗ್ ಹತ್ರ ಹೋಗ್ಬೇಡ." ಮಗು ಇಂಗ್ಲಿಷ್ ಮೀಡಿಯಂಗೆ ಹೋಗಲಿ, ಚೆನ್ನಾಗಿ ಕಲಿಯಲಿ, ಅನ್ನ ಕೊಡುವ ವಿದ್ಯೆ. ಆದರೆ ಹಿಂದಿನ ಕೋಣೆಯಲ್ಲಿ ಕೂತ ಅಜ್ಜಿಗೆ ಅರ್ಥವಾಗದ ಮಾತನ್ನು ನಡುಮನೆಯಲ್ಲಿ ಆಡತೊಡಗಿದರೆ, ಹ್ಯಾರೋ ನಮ್ಮ ಮನೆಯೊಳಗೇ ಬಂತು ಅಂತ ತಿಳಿಯಿರಿ. ವಿಮಾನದ ಖರ್ಚು ಉಳಿಯಿತು ಅಷ್ಟೇ.

ಈ ಸಲದ ಅಡುಗೆ: ಹಿತಕಿದ ಅವರೆಬೇಳೆ ಸಾರು. ಪರದೇಶದಲ್ಲಿರುವ ಮಗಳಿಗೂ ಕಳಿಸಿ, ಮಂಜುಗಟ್ಟಿದ ಲಿಲ್ವಾ ಪೊಟ್ಟಣದಲ್ಲಿ ಮಾಡಬಹುದು.

ಬೇಕಾಗುವುದು: ಅವರೆಕಾಳು ಎರಡು ಬಟ್ಟಲು, ಒಂದು ದೊಡ್ಡ ಈರುಳ್ಳಿ, ಒಂದು ಟೊಮೇಟೊ, ತೆಂಗಿನತುರಿ ಅರ್ಧ ಬಟ್ಟಲು, ಒಣಮೆಣಸಿನಕಾಯಿ ಆರು, ಧನಿಯ ಎರಡು ಚಮಚ, ಗಸಗಸೆ ಒಂದು ಚಮಚ, ಚಕ್ಕೆ ಒಂದು ಚೂರು, ಲವಂಗ ಎರಡು, ಬೆಳ್ಳುಳ್ಳಿ ಆರು ಎಸಳು, ಶುಂಠಿ ಒಂದು ತುಂಡು, ಕೊತ್ತಂಬರಿ ಸೊಪ್ಪು, ಅರಿಶಿನ, ಉಪ್ಪು, ಒಗ್ಗರಣೆಗೆ ಎಣ್ಣೆ, ಸಾಸಿವೆ, ಕರಿಬೇವು.

ಮಾಡುವ ಕ್ರಮ: ಹಸಿ ಕಾಳಾದರೆ ನಾಲ್ಕೈದು ಗಂಟೆ, ಮಂಜಿನ ಕಾಳಾದರೆ ಬೆಚ್ಚನೆ ನೀರಿನಲ್ಲಿ ಒಂದು ಗಂಟೆ ನೆನೆಸಿ, ಹಿತಕಿ ಸಿಪ್ಪೆ ತೆಗೆಯಿರಿ. ಮೆಣಸಿನಕಾಯಿ, ಧನಿಯ, ಗಸಗಸೆ, ಚಕ್ಕೆ, ಲವಂಗ ಸಣ್ಣ ಉರಿಯಲ್ಲಿ ಹುರಿದು, ತೆಂಗಿನತುರಿ, ಅರ್ಧ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಒಗ್ಗರಣೆಗೆ ಉಳಿದ ಈರುಳ್ಳಿ, ಟೊಮೇಟೊ ಹಾಕಿ ಬಾಡಿಸಿ, ಬೇಳೆ, ಅರಿಶಿನ, ನೀರು ಹಾಕಿ ಬೇಯಿಸಿ. ಬೇಳೆ ಬೆರಳಿಗೆ ಮೆತ್ತಗಾಗುವಷ್ಟು ಚೆನ್ನಾಗಿ ಬೇಯಬೇಕು. ರುಬ್ಬಿದ ಖಾರ, ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಮುದ್ದೆಗೂ ಸೈ, ಅನ್ನಕ್ಕೂ ಸೈ.

ಹಿತಕುವ ಕೆಲಸವನ್ನು ಮಕ್ಕಳಿಗೇ ಬಿಡಿ. ಅರ್ಧ ಬೇಳೆ ನೆಲಕ್ಕೆ ಬೀಳುತ್ತದೆ. ಬೀಳಲಿ, ಗುಡಿಸಿದರಾಯಿತು.